ಆಷಾಢದ ಮಳೆಯಲ್ಲೇ ಬಂದ ತೆಳುಪದರ

ಹೊಸ ಎಂ.ಎಸ್ಸಿ. ತಂಡ ವಿಭಾಗಕ್ಕೆ ಕಾಲಿಟ್ಟ ದಿನ ನನ್ನ ಮೇಜಿನ ಮೇಲೆ ಪೇಡಾ ಡಬ್ಬಿಯೊಂದಿತ್ತು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹಾಸಿ, ಜಿಂಕ್ ಆಕ್ಸೈಡ್‌ನ ತೆಳುಪದರ ಕೂರಿಸಿದ ಹನ್ನೊಂದು ಗಾಜಿನ ಸ್ಲೈಡ್‌ಗಳನ್ನು ಜೋಡಿಸಿಟ್ಟಿದ್ದೆ. ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ತಿಳಿ ಹಸಿರು, ತುಸು ತಿರುಗಿಸಿದರೆ ಗುಲಾಬಿ. ಆ ಬಣ್ಣ ಅಂಚಿನಿಂದ ಅಂಚಿಗೆ ಒಂದೇ ಸಮ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು.

ಬಿಸಿ ಗಾಜಿನ ಮೇಲೆ ದ್ರಾವಣ ಸಿಂಪಡಿಸಿ ಪದರ ಕೂರಿಸುವ ಸ್ಪ್ರೇ ಪೈರೋಲಿಸಿಸ್ ಯಂತ್ರಕ್ಕೆ ತರಿಸಿದ ಕೊಟೇಶನ್ ನಾಲ್ಕು ಲಕ್ಷ ದಾಟಿತ್ತು. ನಮ್ಮ ಕೈಯಲ್ಲಿದ್ದದ್ದು ಮೂವತ್ತು ಸಾವಿರದಷ್ಟು. ನಾವೇ ಕಟ್ಟುತ್ತೇವೆ ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, ‘ಧಾರವಾಡದ ಮಳೆಯಲ್ಲಿ ಜಿಂಕ್ ಆಕ್ಸೈಡ್ ಕೂರುವುದಿಲ್ಲ, ದೀಪಾವಳಿ ಕಳೆಯಲಿ’ ಎಂದರು. ನಾನು ಜೂನ್‌ನಲ್ಲೇ ಶುರು ಮಾಡಿದೆ.

ಹುಬ್ಬಳ್ಳಿಯಿಂದ ಏಳು ಸಾವಿರಕ್ಕೆ ತಂದ ಹಳೆಯ ಪೇಂಟಿಂಗ್ ಕಂಪ್ರೆಸರ್ ಮೊದಲ ಪೆಟ್ಟು ಕೊಟ್ಟಿತು. ಸ್ಲೈಡ್‌ಗಳ ಮೇಲೆ ಮೀನಿನ ಕಣ್ಣಿನಂಥ ಚುಕ್ಕೆಗಳು. ದ್ರಾವಣ ಬದಲಿಸಿದೆ, ಗಾಜನ್ನು ಕ್ರೋಮಿಕ್ ಆಮ್ಲದಲ್ಲಿ ಮತ್ತೆ ಮತ್ತೆ ತೊಳೆದೆ, ಚುಕ್ಕೆ ಹೋಗಲಿಲ್ಲ. ಒಂದು ಸಂಜೆ ನಾಝಲ್ ಮುಂದೆ ಬಿಳಿ ಫಿಲ್ಟರ್ ಕಾಗದ ಹಿಡಿದು ಬರೀ ಗಾಳಿ ಬಿಟ್ಟೆ. ಹತ್ತೇ ನಿಮಿಷದಲ್ಲಿ ಕಾಗದದ ನಡುವೆ ಹಳದಿ ಜಿಡ್ಡು. ಗಾಳಿಯ ಜೊತೆ ಎಣ್ಣೆಯೂ ಮಳೆಗಾಲದ ನೀರೂ ಬರುತ್ತಿದ್ದವು. ಎಣ್ಣೆರಹಿತ ಕಂಪ್ರೆಸರ್, ನಡುವೆ ಸಿಲಿಕಾ ಜೆಲ್ ತುಂಬಿದ ಕೊಳವೆ ಹಾಕಿದ ಮೇಲೆ ಚುಕ್ಕೆ ನಿಂತಿತು. ಆ ಏಳು ಸಾವಿರ ಹೋದಂತೆಯೇ.

ಎರಡನೆಯದು ಬಿಸಿಯ ಲೆಕ್ಕ. ಮೀಟರ್ 400 ಡಿಗ್ರಿ ತೋರಿಸುತ್ತಿದ್ದರೂ ಪದರ ಹಾಲಿನಂತೆ ಬೆಳ್ಳಗೆ ಬರುತ್ತಿತ್ತು. ಬಿಸಿ ಅಳೆಯುವ ಥರ್ಮೋಕಪಲ್ ಬಿಸಿತಟ್ಟೆಯ ಅಡಿಯಲ್ಲಿತ್ತು. ಅದನ್ನು ಸ್ಲೈಡ್‌ನ ಅಂಚಿಗೆ ತಂದಾಗ ಸುಮಾರು ಐವತ್ತು ಡಿಗ್ರಿ ಕಡಿಮೆ ಕಂಡಿತು. ಒಂದೇ ಸಮನೆ ಸಿಂಪಡಿಸಿದರೆ ಗಾಜು ಇನ್ನೂ ತಣ್ಣಗಾಗಿ ಟಪ್ಪೆಂದು ಸೀಳುತ್ತದೆ. ಹಾಗೆ ಸೀಳಿದವು ಮೂವತ್ತಕ್ಕೂ ಹೆಚ್ಚು. ಈಗ ಐದಾರು ಸೆಕೆಂಡು ಸಿಂಪಡಿಸಿ ಅರ್ಧ ನಿಮಿಷ ಬಿಡುತ್ತೇವೆ. ನಾಝಲ್ ತುದಿಯಲ್ಲಿ ಮಾಡಿಕೊಂಡ ಬದಲಾವಣೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ವಿದ್ಯಾರ್ಥಿಯೊಬ್ಬಳ ಪ್ರಬಂಧಕ್ಕೆ ಸೇರಿದ್ದು.

ಸಿಂಪಡಿಸುವ ಜಿಂಕ್ ಅಸಿಟೇಟ್ ದ್ರಾವಣ ಮಬ್ಬಾದಾಗ ನೀರನ್ನು ದೂರಿ ಮೂರು ಕಡೆಯ ಡಿಸ್ಟಿಲ್ಡ್ ವಾಟರ್ ಕೊಂಡೆ. ಕೊನೆಗೆ ನಾಲ್ಕು ಹನಿ ಅಸಿಟಿಕ್ ಆಮ್ಲಕ್ಕೆ ಅದು ತಿಳಿಯಾಯಿತು.

ಆಷಾಢ ಮುಗಿಯುವುದರೊಳಗೆ ಒಳ್ಳೆಯ ಪದರ ಕೂತಿತು. ಹರಳಿನ ರಚನೆ ತೋರಿಸುವ ಎಕ್ಸ್-ರೇ ವಿವರ್ತನೆಯಲ್ಲಿ 34.4 ಡಿಗ್ರಿಯ ಬಳಿ ಜಿಂಕ್ ಆಕ್ಸೈಡ್‌ನ ಗುರುತಾದ 002 ಶಿಖರ ನೆಟ್ಟಗೆ ಎದ್ದು ನಿಂತಿತ್ತು. ಬ್ಯಾಂಡ್ ಅಂತರ, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ಬೇಕಾದ ಶಕ್ತಿ, 3.26 ಎಲೆಕ್ಟ್ರಾನ್ ವೋಲ್ಟ್ ಆಸುಪಾಸು, ಜಿಂಕ್ ಆಕ್ಸೈಡ್‌ಗೆ ತಕ್ಕಂತೆಯೇ. ದೀಪಾವಳಿಯವರೆಗೆ ಕಾಯಿರಿ ಎಂದವರೇ ಆ ಗ್ರಾಫಿನ ಪ್ರತಿ ಕೇಳಿ ಪಡೆದರು. ಹಾಳಾದದ್ದೂ ಸೇರಿ ಖರ್ಚು ಇಪ್ಪತ್ತೆಂಟು ಸಾವಿರದೊಳಗೆ.

ನಡುವೆ ಪದರದ ವಿದ್ಯುತ್ ರೋಧ ಅಳೆಯುವಾಗ ಇನ್ನೊಂದು ತಪ್ಪು ದಾರಿ ಹಿಡಿದೆ. ಮೋಡ ಸರಿದು ಬಿಸಿಲು ಬಿದ್ದರೆ ರೀಡಿಂಗ್ ಹತ್ತನೇ ಒಂದು ಪಾಲಿಗೆ ಇಳಿಯುತ್ತಿತ್ತು, ಮರುದಿನ ಬೆಳಿಗ್ಗೆಯೂ ಪೂರ್ತಿ ಏರುತ್ತಿರಲಿಲ್ಲ. ಎರಡು ದಿನ ವೈರಿನ ಬೆಸುಗೆಯನ್ನೇ ಶಂಕಿಸಿದೆ. ತಪ್ಪು ಬೆಸುಗೆಯದಲ್ಲ. ಬೆಳಕು ಬಿದ್ದರೆ ಜಿಂಕ್ ಆಕ್ಸೈಡ್‌ನ ರೋಧ ಇಳಿಯುತ್ತದೆ, ಕತ್ತಲಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಕೈಯಾರೆ ಅಳೆದದ್ದು ಅದೇ ಮೊದಲು. ಪೇಡಾ ಡಬ್ಬಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿದ್ದು ಆ ಬಳಿಕ. ಈ ವರ್ಷ ಇಬ್ಬರು ವಿದ್ಯಾರ್ಥಿಗಳು ಆ ಚೇತರಿಕೆಯನ್ನೇ ಪ್ರಾಜೆಕ್ಟ್ ಮಾಡಿಕೊಂಡಿದ್ದಾರೆ. ಮತ್ತಿಬ್ಬರು ಪದರಕ್ಕೆ ಶೇಕಡಾ ಒಂದರಷ್ಟು ಅಲ್ಯೂಮಿನಿಯಂ ಸೇರಿಸಲಿದ್ದಾರೆ. ಅವರ ಮೊದಲ ಸ್ಲೈಡ್ ಸೋಮವಾರ ಬಿಸಿತಟ್ಟೆ ಏರುತ್ತದೆ.