ನೀಲಿ ‘ಇ’ ಹೋದ ಮೇಲೆ ನಮ್ಮ ಅಂಗಡಿಯಲ್ಲಿ

ತಿಪಟೂರಿನಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ. ಬೋರ್ಡಿನಲ್ಲಿ ಹಾಗಿದೆ ಅಷ್ಟೆ. ಎಷ್ಟೋ ವರ್ಷದಿಂದ ಅಂಗಡಿ ಬಾಡಿಗೆ ಹುಟ್ಟುತ್ತಿರುವುದು ಆನ್‌ಲೈನ್ ಅರ್ಜಿಯಿಂದ. ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕರೆಂಟ್ ಬಿಲ್ಲು. ಕೊಬ್ಬರಿ ಹರಾಜಿನ ದಿನ ಹಳ್ಳಿಯವರೆಲ್ಲ ಪೇಟೆಗೆ ಬಂದಾಗ ಸಾಲು ಬೀದಿಗೆ ಬರುತ್ತದೆ. ಆ ಹೊತ್ತಿಗೇ ಸರಿಯಾಗಿ ಯಾವುದೋ ಪುಟ ಬಿಳಿಯಾಗಿ ನಿಲ್ಲುತ್ತದೆ. ಹಿಂದೆ ನಿಂತವರು, ‘ಅಕ್ಕಾ, ಬೇರೆ ಕಡೆ ಹೋಗ್ಲಾ?’ ಅನ್ನುತ್ತಾರೆ.

ಇಂಟರ್ನೆಟ್ ಪುಟ ತೆರೆಯುವ ತಂತ್ರಾಂಶವೇ ಬ್ರೌಸರ್, ಎಲ್ಲ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಪಾಠ ಕಲಿಸಿದ್ದು ಒಬ್ಬ ಸಣ್ಣ ಗುತ್ತಿಗೆದಾರರ ಟೆಂಡರು. ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವಿನಂಥ ಟೋಕನ್ ಚುಚ್ಚಿ, ಜಾವಾ ಅನ್ನುವ ತಂತ್ರಾಂಶ ತೆರೆದುಕೊಂಡ ಮೇಲೆ ಸಹಿ ಬೀಳಬೇಕು. ಹಿಂದಿನ ತಿಂಗಳು ಅದೇ ಕಂಪ್ಯೂಟರಿನಲ್ಲಿ ಆಗಿತ್ತು. ಆವತ್ತು ಆಗಲಿಲ್ಲ. ಸಂಜೆ ನಾಲ್ಕಕ್ಕೆ ಕೊನೆ. ಮೂರು ಸಲ ಜಾವಾ ತೆಗೆದು ಹಾಕಿದೆ, ಟೋಕನ್ ಒರೆಸಿ ಚುಚ್ಚಿದೆ, ದೇವರಿಗೂ ಹೇಳಿಕೊಂಡೆ. ಕಾರಣ ಆಮೇಲೆ ತಿಳಿಯಿತು: ಬ್ರೌಸರಿನೊಳಗೆ ಸೇರಿಕೊಂಡು ಜಾವಾ ಓಡಿಸುತ್ತಿದ್ದ ಪುಟ್ಟ ತಂತ್ರಾಂಶಗಳನ್ನು, ಅಂದರೆ ಹಳೇ ಬಗೆಯ ಪ್ಲಗಿನ್‌ಗಳನ್ನು ಕ್ರೋಮ್ 2015ರ ಸೆಪ್ಟೆಂಬರಿನಲ್ಲೇ ಪೂರ್ತಿ ಕೈಬಿಟ್ಟಿತ್ತು. 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ ಕೂಡ ಫ್ಲ್ಯಾಶ್ ಒಂದನ್ನುಳಿದು ಮಿಕ್ಕವನ್ನು ಬಿಟ್ಟಿತು. ಅಂಥ ಪ್ಲಗಿನ್ನುಗಳ ಮೂಲಕ ಕಳ್ಳ ತಂತ್ರಾಂಶ ಒಳಗೆ ನುಸುಳುತ್ತಿತ್ತು, ಬಿಟ್ಟಿದ್ದು ಸರಿಯೇ. ಆದರೆ ಬ್ರೌಸರ್ ತನ್ನ ಪಾಡಿಗೆ ತಾನೇ ಹೊಸದಾಗುತ್ತದೆ, ಎದುರಿನ ಪೋರ್ಟಲ್ ಮಾತ್ರ ಹಾಗೇ ಕೂತಿರುತ್ತದೆ. ನಡುವೆ ಸಿಕ್ಕಿಕೊಂಡವಳು ನಾನು. ಕೊನೆಗೆ ನೀಲಿ ‘ಇ’ ಗುರುತಿನ ಹಳೇ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದಾಗ ಸಹಿ ಬಿತ್ತು. ಮೂರೂ ಐವತ್ತೆರಡು.

ಅವತ್ತೇ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದೆ. ತಾರೀಕು, ಯಾವ ಕೆಲಸ, ಯಾವ ಬ್ರೌಸರಿನಲ್ಲಿ ಆಯಿತು, ಯಾವುದರಲ್ಲಿ ಆಗಲಿಲ್ಲ. ಅಷ್ಟೇ. ‘ಯಾವ ಬ್ರೌಸರ್ ಒಳ್ಳೇದಕ್ಕಾ?’ ಅಂತ ಕಾಲೇಜು ಹುಡುಗರು ಕೇಳುತ್ತಾರೆ. ಯಾವ ಕೆಲಸಕ್ಕೆ ಅಂತ ನಾನು ತಿರುಗಿ ಕೇಳುತ್ತೇನೆ.

ನೋಟ್‌ಬುಕ್ ತೋರಿಸಿಕೊಟ್ಟ ಇನ್ನೊಂದು ಸಂಗತಿ ಇದೆ. ಕ್ರೋಮ್‌ನಲ್ಲಿ ಆಗದ್ದನ್ನು ಎಡ್ಜ್‌ನಲ್ಲಿ ನೋಡಿದಾಗ ಬಹಳ ಸಲ ಅಲ್ಲೂ ಆಗುತ್ತಿರಲಿಲ್ಲ. 2020ರ ಜನವರಿಯಲ್ಲಿ ಬಂದ ಹೊಸ ಎಡ್ಜ್‌ನ ಒಳಗಿರುವುದೂ ಕ್ರೋಮ್‌ನ ಒಳಗಿರುವ ಕ್ರೋಮಿಯಮ್ ಅನ್ನುವ ಮೂಲ ತಂತ್ರಾಂಶವೇ. ಒಪೆರಾ, ಬ್ರೇವ್ ಕೂಡ ಅದೇ. ಡಬ್ಬ ಬೇರೆ, ಹಿಟ್ಟು ಒಂದೇ. ನಮ್ಮ ವಿಂಡೋಸ್ ಯಂತ್ರಗಳಲ್ಲಿ ಹಿಟ್ಟೇ ಬೇರೆಯಿರುವುದು ಫೈರ್‌ಫಾಕ್ಸ್‌ನಲ್ಲಿ, ಪುಟ ಮೂಡಿಸುವ ಅದರ ಗೆಕ್ಕೋ ಎಂಜಿನ್. ಹಾಗಾಗಿ ಒಂದರಲ್ಲಿ ಪುಟ ಕೆಟ್ಟರೆ ಈಗ ಎಡ್ಜ್ ಬಿಟ್ಟು ನೇರ ಫೈರ್‌ಫಾಕ್ಸ್‌ಗೆ ಹೋಗುತ್ತೇನೆ. ಅಲ್ಲೂ ಆಗದಿದ್ದರೆ ತೊಂದರೆ ಆ ಕಡೆಯದು. ಗಿರಾಕಿಗೆ ‘ನಾಳೆ ಬನ್ನಿ’ ಅಂತ ಧೈರ್ಯವಾಗಿ ಹೇಳಬಹುದು.

2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬೆಂಬಲ ನಿಂತಿತು. ಮುಂದಿನ ವರ್ಷದ ಫೆಬ್ರುವರಿಯಲ್ಲಿ ವಿಂಡೋಸ್ 10ರಲ್ಲಿ ಅದು ತೆರೆಯುವುದೇ ನಿಂತು, ಒತ್ತಿದರೆ ಎಡ್ಜ್ ಬರತೊಡಗಿತು. ಪಿಂಚಣಿ ಚೀಟಿಗೆ ಬರುವ ಮೇಷ್ಟ್ರೊಬ್ಬರು ತಮ್ಮ ಲ್ಯಾಪ್‌ಟಾಪನ್ನೇ ಹೊತ್ತು ತಂದು, ‘ಇಂಟರ್ನೆಟ್ಟೇ ಹೋಗಿಬಿಟ್ಟಿದೆಯಮ್ಮ’ ಅಂದರು. ‘ಹೋಗಿಲ್ಲ ಮೇಷ್ಟ್ರೇ, ಬಾಗಿಲು ಬದಲಾಗಿದೆ’ ಅಂದೆ. ಅವರಿಗೆ ಬೇಕಿದ್ದುದು ಎರಡೇ ಪುಟ. ಎರಡನ್ನೂ ಡೆಸ್ಕ್‌ಟಾಪಿಗೆ ಶಾರ್ಟ್‌ಕಟ್ ಮಾಡಿ ‘ಪಿಂಚಣಿ’, ‘ಪೇಪರ್’ ಅಂತ ಕನ್ನಡದಲ್ಲಿ ಹೆಸರಿಟ್ಟೆ. ಬ್ರೌಸರಿನ ಹೆಸರು ಅವರಿಗೆ ಯಾಕೆ ಬೇಕು?

ನನಗೆ ಮಾತ್ರ ಹಳೇ ಪೋರ್ಟಲ್ ಒಂದಿತ್ತಲ್ಲ. ಎಡ್ಜ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಬ್ರೌಸರ್’ ಅನ್ನುವಲ್ಲಿ ಹೋಗಿ, ಪುಟಗಳನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್‌ನಲ್ಲಿ ತೆರೆಯಲು ಒಪ್ಪಿಗೆ ಕೊಟ್ಟು, ಆ ಪೋರ್ಟಲಿನ ವಿಳಾಸ ಸೇರಿಸಿದೆ. ಕೆಲಸ ಮಾಡಿತು. ಒಂದು ತಿಂಗಳಾದ ಮೇಲೆ ಮತ್ತೆ ಮಾಡಲಿಲ್ಲ! ಹಾಗೆ ಸೇರಿಸಿದ ವಿಳಾಸಕ್ಕೆ 30 ದಿನವಷ್ಟೇ ಆಯಸ್ಸು, ಮತ್ತೆ ಸೇರಿಸಬೇಕು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ಗುರುತಿನ ಪಕ್ಕ ಅದಕ್ಕೂ ಒಂದು ಗುರುತು.

ನನ್ನ ದಡ್ಡತನವನ್ನೂ ಹೇಳಬೇಕು. ಒಂದು ಭಾನುವಾರ ಉಮೇದು ಬಂದು ಅಂಗಡಿಯ ದೊಡ್ಡ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿದೆ. ಫೋಟೊ, ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಫೈಲು ಎಲ್ಲ ಪೆನ್‌ಡ್ರೈವಿಗೆ ಹಾಕಿದ್ದೆ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡು, ಬುಕ್‌ಮಾರ್ಕು ಮರೆತೆ. ಒಂದು ಖಾತೆಯ ಓಟಿಪಿ ನಾನು ಬಿಟ್ಟುಬಿಟ್ಟಿದ್ದ ಸಿಮ್‌ಗೆ ಹೋಗುತ್ತಿತ್ತು, ಬಿಡಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ಅಂದಿನಿಂದ ಒಂದು ದಿನಕ್ಕೆ ಒಂದೇ ಬದಲಾವಣೆ, ಅದೂ ಹರಾಜಿಲ್ಲದ ದಿನ.

ಅಂಗಡಿಯಲ್ಲಿ ನಿಜವಾದ ಭಯ ಬೇರೆಯವರ ಗುಟ್ಟಿನದು. ಒಬ್ಬ ಹುಡುಗಿ ಅರ್ಜಿ ಹಾಕಿ ಹೋದಳು. ಆಮೇಲೆ ಬಂದು ಕೂತವನ ಎದುರು ಅವಳ ಮೇಲ್ ತೆರೆದುಕೊಂಡಿತು. ಅವನು ಒಳ್ಳೆಯವನು, ಕರೆದು ತೋರಿಸಿದ. ನನಗೆ ಮೈ ನಡುಗಿತು. ಈಗ ಗಿರಾಕಿಗಳಿಗೆಲ್ಲ ಕ್ರೋಮ್‌ನ ಗೆಸ್ಟ್ ಕಿಟಕಿ. ಮುಚ್ಚಿದರೆ ಲಾಗಿನ್ ಅಳಿಯುತ್ತದೆ. ನನ್ನ ಬ್ಯಾಂಕು, ಜಿಎಸ್‌ಟಿ ಎಲ್ಲ ಫೈರ್‌ಫಾಕ್ಸ್‌ನಲ್ಲಿ, ಅದನ್ನು ಅಂಗಡಿ ಹುಡುಗನೂ ಮುಟ್ಟುವಂತಿಲ್ಲ. ಆದರೆ ಗೆಸ್ಟ್ ಕಿಟಕಿ ಮುಚ್ಚಿದರೂ ಇಳಿಸಿಕೊಂಡ ಫೈಲು ಡೌನ್‌ಲೋಡ್ಸ್‌ನಲ್ಲೇ ಉಳಿಯುತ್ತದೆ. ಆಧಾರ್ ಪ್ರತಿ, ಅಂಕಪಟ್ಟಿ ಎಲ್ಲ ಅಲ್ಲೇ ಬಿದ್ದಿರುತ್ತವೆ. ಷಟರ್ ಎಳೆಯುವ ಮೊದಲು ಅದನ್ನು ಖಾಲಿ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡುವುದು ಕಸ ಗುಡಿಸಿದಷ್ಟೇ ಕಡ್ಡಾಯ.

ಫೋನು ಹಿಡಿದು ಬರುವವರದು ಇನ್ನೊಂದು ಗೋಳು. ‘ಹತ್ತು ನಿಮಿಷಕ್ಕೊಂದ್ಸಲ ವೈರಸ್ ಬಂದಿದೆ ಅಂತದೆ ಕಣಮ್ಮ.’ ವೈರಸ್ಸೂ ಇಲ್ಲ, ಏನೂ ಇಲ್ಲ. ಯಾವುದೋ ಪುಟ ‘ಅಲೋ’ ಒತ್ತಿ ಅಂದಿದೆ, ಇವರು ಒತ್ತಿದ್ದಾರೆ. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್‌ನಲ್ಲಿ ಆ ಸೈಟಿನ ಹೆಸರು ತೆಗೆದರೆ ಮುಗಿಯಿತು. ಇದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಒಬ್ಬ ಅಜ್ಜ ಮಾತ್ರ ಬಿಡದೆ ಎರಡು ಎಳನೀರು ಇಟ್ಟು ಹೋದರು.

ಮೂಲೆಯಲ್ಲಿ ವಿಂಡೋಸ್ 7ರ ಒಂದು ಯಂತ್ರ ಉಳಿದಿದೆ. ಅದಕ್ಕೆ ಬಂದ ಕೊನೆಯ ಕ್ರೋಮ್ 109, ಮುಂದಿನದು ಬರುವುದಿಲ್ಲ. ಹಳೇ ಬ್ರೌಸರನ್ನು ನೆಟ್‌ಗೆ ಬಿಡುವುದು ಅಪಾಯ ಅಂತ ನೆಟ್‌ನ ವೈರು ಕಿತ್ತೆ, ಎಸೆಯಲಿಲ್ಲ. ಈಗಲೂ ಮದುವೆ ಕರೆಯೋಲೆ, ಕರಪತ್ರ ನುಡಿಯಲ್ಲಿ ಅಚ್ಚಾಗುವುದು ಅದರಲ್ಲೇ.

ನೋಟ್‌ಬುಕ್ ಈಗ ಮೂರನೆಯದು, ಬರೆಯುವವನು ಅಂಗಡಿ ಹುಡುಗ. ಹೋದ ವಾರ ಪ್ರಮಾಣಪತ್ರವೊಂದು ಪ್ರಿಂಟಾಗದೆ ಮೂರೂ ಬ್ರೌಸರಿನಲ್ಲಿ ಒದ್ದಾಡಿದ. ಸಂಜೆ ತೆರೆದು ನೋಡಿದರೆ ಬರೆದಿದ್ದಾನೆ: ‘ಕ್ರೋಮ್ ಆಗಲಿಲ್ಲ. ಎಡ್ಜ್ ಆಗಲಿಲ್ಲ. ಫೈರ್‌ಫಾಕ್ಸ್ ಆಗಲಿಲ್ಲ. ಪ್ರಿಂಟರ್ ಆನ್ ಮಾಡಿದ ಮೇಲೆ ಆಯಿತು.’