ಶಾಲೆ ಮುಗಿಯಿತು, ಹುಡುಗನ ಕೆಲಸವೂ ಮುಗಿಯಿತು

ಒಂದು ಶಾಲೆಗೆ ಆರು ಹೊಸ ಕ್ಲಾಸ್‌ರೂಮ್ ಕಟ್ಟಿಸಿದ್ದೆವು. ಬೀಗದ ಕೈ ನಮ್ಮ ಕೈಗೆ ಬಂದ ವಾರವೇ ಒಬ್ಬ ತಾಯಿ ಆಫೀಸಿಗೆ ಫೋನ್ ಮಾಡಿದರು. ಅವರ ಮಗ ಅದೇ ಸೈಟಿನಲ್ಲಿ ಇಟ್ಟಿಗೆ ಕೆಲಸ ಕಲಿಯಲು ಅಪ್ರೆಂಟಿಸ್ ಆಗಿ ಸೇರಿದ್ದ. ಶುಕ್ರವಾರ ಕಂಪನಿಯವರು ಸೋಮವಾರದಿಂದ ಬರಬೇಡ ಅಂದುಬಿಟ್ಟಿದ್ದಾರೆ. ಕಾಲೇಜಿನ ಕೋರ್ಸು ಇನ್ನೂ ಒಂದು ವರ್ಷ ಬಾಕಿ, ಕೆಲಸ ಇಲ್ಲದಿದ್ದರೆ ಅದೂ ಇಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ವರದಿಯಲ್ಲಿ ಮಾತ್ರ ಅವನ ಎದುರಿಗೆ ಹಸಿರು ಟಿಕ್ ಇತ್ತು: ಸ್ಥಳೀಯ ಅಪ್ರೆಂಟಿಸ್, ಗುರಿ ತಲುಪಿದೆ.

ನಾನು ಇಂಗ್ಲೆಂಡಿನ ಒಂದು ಸ್ಥಳೀಯ ಆಡಳಿತ ಸಂಸ್ಥೆಯಲ್ಲಿ, ಅಂದರೆ ಕೌನ್ಸಿಲ್‌ನಲ್ಲಿ ಕ್ವಾಂಟಿಟಿ ಸರ್ವೇಯರ್. ಟೆಂಡರ್ ಕರೆಯುವುದು, ಬಿಲ್ ನೋಡುವುದು ನನ್ನ ಕೆಲಸ. ಯಾವ ಕೌನ್ಸಿಲ್ ಅಂತ ಕೇಳಬೇಡಿ, ನಾಳೆಯೂ ಅಲ್ಲಿಗೇ ಹೋಗಬೇಕು ಅಲ್ವಾ.

ಇಲ್ಲಿ 2012ರ ಸೋಷಿಯಲ್ ವ್ಯಾಲ್ಯೂ ಕಾಯ್ದೆ ಅಂತ ಒಂದಿದೆ. ಸರ್ಕಾರಿ ದುಡ್ಡು ಖರ್ಚು ಮಾಡುವಾಗ ಊರಿನ ಜನಕ್ಕೆ ಏನು ಸಿಗುತ್ತದೆ ಅಂತಲೂ ಯೋಚಿಸಿ ಅನ್ನುತ್ತದೆ. ತಮಾಷೆ ಅಂದರೆ ಅದು ಸೇವೆಗಳ ಗುತ್ತಿಗೆಗೆ ಬರೆದದ್ದು, ಬರೀ ಕಟ್ಟಡ ಕಾಮಗಾರಿಗೆ ನೇರವಾಗಿ ಅನ್ವಯಿಸುವುದೇ ಇಲ್ಲ. ಆದರೂ ನಮ್ಮಂಥ ಕೌನ್ಸಿಲ್‌ಗಳು ತಮ್ಮದೇ ನೀತಿ ಮಾಡಿಕೊಂಡು ಕಾಮಗಾರಿಗೂ ಅಂಕ ಇಡುತ್ತವೆ. ಕೇಂದ್ರ ಸರ್ಕಾರದ ಇಲಾಖೆಗಳಿಗೆ 2021ರ ಜನವರಿಯಿಂದ ಟೆಂಡರಿನ ಒಟ್ಟು ಅಂಕದಲ್ಲಿ ಇದಕ್ಕೆ ಕನಿಷ್ಠ ಶೇ. 10 ಅಂತ ಆಯಿತು. ನಾವೂ ಅಷ್ಟೇ ಇಟ್ಟೆವು. ಆ ಶಾಲೆಯ ಟೆಂಡರಿನಲ್ಲಿ ಗೆದ್ದವರು ಇಷ್ಟು ಅಪ್ರೆಂಟಿಸ್, ಇಷ್ಟು ಗಂಟೆ ಸ್ವಯಂಸೇವೆ ಅಂತ ಚೆಂದಾಗಿ ಬರೆದುಕೊಟ್ಟಿದ್ದರು. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಇಟ್ಟಿಗೆ ಕೆಲಸ ಕಲಿಯಲು ಎರಡು-ಮೂರು ವರ್ಷ ಬೇಕು, ಶಾಲೆ ಕಟ್ಟಲು ಹನ್ನೊಂದು ತಿಂಗಳು ಸಾಕು. ಈ ಲೆಕ್ಕ ನಾನೇ ಹಾಕಿರಲಿಲ್ಲ.

ಮುಂದಿನ ಕಾಮಗಾರಿಗಳಿಗೆ ನಮ್ಮದೇ ಫ್ರೇಮ್‌ವರ್ಕ್ ಮಾಡೋಣ ಅಂತ ಹೊರಟಾಗ ತಲೆಯಲ್ಲಿ ಇದ್ದದ್ದು ಆ ಫೋನ್ ಕರೆಯೇ. ಫ್ರೇಮ್‌ವರ್ಕ್ ಅಂದರೆ ಕೆಲಸ ಅಲ್ಲ, ಕೆಲಸ ಕೊಡಬಹುದಾದವರ ಪಟ್ಟಿ. ಒಂದು ಸಲ ದೊಡ್ಡ ಟೆಂಡರ್ ಮಾಡಿ ಗುತ್ತಿಗೆದಾರರನ್ನು ಆರಿಸಿ ಷರತ್ತುಗಳನ್ನೆಲ್ಲ ಗೊತ್ತುಮಾಡಿಟ್ಟುಕೊಳ್ಳುತ್ತೇವೆ. ಆಮೇಲೆ ಒಂದೊಂದು ಕಾಮಗಾರಿ ಬಂದಾಗ ಆ ಪಟ್ಟಿಯವರ ನಡುವೆ ಮಾತ್ರ ಮಿನಿ ಕಾಂಪಿಟಿಷನ್. ಆಗಿದ್ದ 2015ರ ಖರೀದಿ ನಿಯಮದ ಪ್ರಕಾರ ಇದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ಮಿತಿ ಇತ್ತು. ಟೈಮ್ ಉಳಿಯುತ್ತದೆ, ಪೇಪರ್ ಕೆಲಸ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ನನಗೆ ಬೇಕಾಗಿದ್ದು ಬೇರೆ. ಬಿಡಿ ಟೆಂಡರಿನಲ್ಲಿ ಗುತ್ತಿಗೆದಾರ ಬೀಗದ ಕೈ ಕೊಟ್ಟು ಹೋದರೆ ಮತ್ತೆ ಮುಖ ತೋರಿಸಬೇಕಾಗಿಲ್ಲ. ಫ್ರೇಮ್‌ವರ್ಕಿನಲ್ಲಾದರೆ ಮುಂದಿನ ಕೆಲಸಕ್ಕೆ ಅವನು ನಮ್ಮ ಬಾಗಿಲಿಗೇ ಬರಬೇಕು. ಬಂದಾಗ ‘ಹೋದ ಸಲದ ಹುಡುಗ ಎಲ್ಲಿ?’ ಅಂತ ಕೇಳಬಹುದು.

ಹಾಗಾಗಿ ಅಪ್ರೆಂಟಿಸ್‌ಗಳ ತಲೆ ಎಣಿಸುವುದು ಬಿಟ್ಟು ಅವರು ಕೆಲಸದಲ್ಲಿದ್ದ ವಾರ ಎಣಿಸಿದೆವು. ಒಂದು ಸೈಟ್ ಮುಗಿದರೆ ಅದೇ ಹುಡುಗ ಇನ್ನೊಂದು ಸೈಟಿಗೆ ಹೋಗಬೇಕು, ಪಟ್ಟಿಯಲ್ಲಿರುವ ಬೇರೆ ಕಂಪನಿಯ ಸೈಟಾದರೂ ಪರವಾಗಿಲ್ಲ. ಅದಕ್ಕೆ ನಾವೂ ಒಂದು ಕೆಲಸ ಮಾಡಬೇಕಾಯಿತು: ಮುಂದಿನ ಎರಡು ವರ್ಷದಲ್ಲಿ ಯಾವ ಕಾಮಗಾರಿ ಯಾವಾಗ ಬರಬಹುದು ಅನ್ನುವ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕೊಡುವುದು. ಒಪ್ಪಿದ ಗುರಿ ತಪ್ಪಿದವರನ್ನು ಅದನ್ನು ಸರಿಪಡಿಸುವವರೆಗೆ ಮುಂದಿನ ಮಿನಿ ಕಾಂಪಿಟಿಷನ್‌ಗೆ ಕರೆಯುವುದಿಲ್ಲ ಅಂತಲೂ ಬರೆದೆವು. ಇದನ್ನು ಮೊದಲ ದಿನವೇ ಟೆಂಡರ್ ದಾಖಲೆಯಲ್ಲಿ ಹಾಕಬೇಕು. ಆಟ ಶುರುವಾದ ಮೇಲೆ ನಿಯಮ ಬದಲಿಸಲು ಹೋದರೆ ಕೋರ್ಟಿಗೆ ಹೋಗುತ್ತಾರೆ, ಹೋಗಲೇಬೇಕು ಕೂಡ.

ನಾನು ಎಡವಿದ್ದು ‘ಸ್ಥಳೀಯ’ ಅನ್ನುವ ಪದದಲ್ಲಿ. ಇಲ್ಲಿಯವರಿಗೆ ಮಾತ್ರ ಕೆಲಸ ಅಂತ ಬರೆಯುವಂತಿರಲಿಲ್ಲ, ಎಲ್ಲರನ್ನೂ ಸಮನಾಗಿ ನೋಡಬೇಕು. ಅದಕ್ಕೆ ಸ್ಥಳೀಯವಾಗಿ ಎಷ್ಟು ಖರ್ಚು ಮಾಡಿದಿರಿ, ಪೋಸ್ಟ್‌ಕೋಡ್ ಸಮೇತ ತೋರಿಸಿ ಅಂದೆವು. ಮೊದಲ ವರದಿಯ ಅಂಕಿ ನೋಡಿ ಖುಷಿಯಾಗಿಬಿಟ್ಟಿತು. ಸುಮ್ನೆ ಇರಲಾರದೆ ಇನ್‌ವಾಯ್ಸ್‌ಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗಿದ್ದು ಒಂದು ದೊಡ್ಡ ಸಾಮಗ್ರಿ ಕಂಪನಿಯ ಡಿಪೋಗೆ. ಡಿಪೋ ನಮ್ಮೂರಲ್ಲೇ ಇದೆ, ಪೋಸ್ಟ್‌ಕೋಡ್ ಸರಿಯಾಗಿದೆ, ಒಳಗೆ ಕೆಲಸ ಮಾಡುವವರು ನಾಲ್ಕು ಜನ. ಸಿಮೆಂಟ್ ದುಡ್ಡು ಊರಿಗೆ ಬಂದ ಹಾಗೆ ಮಾಡಿ ಹಾಗೇ ಹೆದ್ದಾರಿ ಹಿಡಿದಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಪ್ರಶ್ನೆಯೇ ದಡ್ಡ ಪ್ರಶ್ನೆಯಾಗಿತ್ತು. ಮುಂದಿನ ಕಾಮಗಾರಿಯಿಂದ ಕೂಲಿ ಬೇರೆ, ಉಪಗುತ್ತಿಗೆ ಬೇರೆ, ಸಾಮಗ್ರಿ ಬೇರೆ ಕಾಲಂ ಮಾಡಿಸಿದೆ. ಅಂಕಿ ಸಣ್ಣದಾಯಿತು. ಮೇಲಿನವರು ಯಾಕೆ ಇಳಿಯಿತು ಅಂತ ಕೇಳಿದರು.

ಸ್ವಯಂಸೇವೆಯ ಗಂಟೆಗೆ ಇಷ್ಟು ಪೌಂಡ್, ಕೆಲಸ ಸಿಕ್ಕಿದರೆ ಇಷ್ಟು ಪೌಂಡ್ ಅಂತ ಬೆಲೆ ಕಟ್ಟಿ ಕೊನೆಗೆ ಒಂದು ದೊಡ್ಡ ಮೊತ್ತ ತೋರಿಸುವ ಪದ್ಧತಿಯೂ ಇದೆ. ಹೋಲಿಸಲು ಅನುಕೂಲ, ಒಪ್ಪುತ್ತೇನೆ. ಆ ಮೊತ್ತದ ಮೇಲೆ ನನಗೆ ನಂಬಿಕೆ ಕಡಿಮೆ.

ಚಿಕ್ಕ ತೊಡಕುಗಳೇ ಜಾಸ್ತಿ ಕಾಡಿದವು. ಕೆಲಸ ಹುಡುಕುತ್ತಿದ್ದ ಎಂಟು ಜನರನ್ನು ಸಮುದಾಯ ಭವನದಲ್ಲಿ ಸೇರಿಸಿ ಗುತ್ತಿಗೆದಾರರ ಎದುರು ಕೂರಿಸಿದೆವು. ಒಬ್ಬರ ಹತ್ತಿರವೂ ಸಿಎಸ್‌ಸಿಎಸ್ ಕಾರ್ಡ್ ಇರಲಿಲ್ಲ. ಆ ಕಾರ್ಡ್ ಇಲ್ಲದಿದ್ದರೆ ಹೆಚ್ಚಿನ ಸೈಟುಗಳಲ್ಲಿ ಗೇಟಿನ ಒಳಗೇ ಬಿಡುವುದಿಲ್ಲ, ಅದಕ್ಕೆ ಸುರಕ್ಷತೆಯ ಕೋರ್ಸು ಮತ್ತು ಪರೀಕ್ಷೆ ಬೇಕು. ಮುಂದಿನ ಸಲ ಕೋರ್ಸು ಮೊದಲು, ಭೇಟಿ ಆಮೇಲೆ ಅಂತ ಇಟ್ಟುಕೊಂಡೆವು, ಕೋರ್ಸಿನ ಫೀಸು ಗುತ್ತಿಗೆದಾರರೇ ಕಟ್ಟಿದರು.

ಇನ್ನೊಂದು ವಿಮೆ. ಐದು ಜನ ಕೆಲಸದವರನ್ನು ಇಟ್ಟುಕೊಂಡ ಗಾರೆ ಕೆಲಸದವರೊಬ್ಬರು ಉಪಗುತ್ತಿಗೆ ಕೇಳಲು ಹೋದರೆ ಒಂದು ಕೋಟಿ ಪೌಂಡ್ ಹೊಣೆಗಾರಿಕೆ ವಿಮೆ ತನ್ನಿ ಅಂದರಂತೆ. ಎರಡು ಗೋಡೆಗೆ ಪ್ಲಾಸ್ಟರ್ ಮಾಡಲು! ಹುಡುಕಿದರೆ ಅದು ನಾವೇ ಮುಖ್ಯ ಗುತ್ತಿಗೆದಾರರಿಗೆ ಹಾಕಿದ ಷರತ್ತು, ಅವರು ಕಾಪಿ ಹೊಡೆದು ಕೆಳಗೆ ದಾಟಿಸಿದ್ದರು. ದುಡ್ಡಿನ ವಿಷಯದಲ್ಲೂ ಹಾಗೇ. ನಾವು 30 ದಿನದಲ್ಲಿ ಕೊಡುತ್ತೇವೆ, ಕೆಳಗಿನವರಿಗೂ 30 ದಿನದಲ್ಲೇ ಕೊಡಬೇಕು ಅಂತ ನಿಯಮವಿದೆ. ಆದರೆ ಕೊಟ್ಟರಾ ಅಂತ ಕೇಳುವವರು ಇರಲಿಲ್ಲ. ಈಗ ತಿಂಗಳಿಗೆ ಇಬ್ಬರು ಉಪಗುತ್ತಿಗೆದಾರರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಐದು ನಿಮಿಷದ ಕೆಲಸ.

ಎಲ್ಲವೂ ಸರಿಹೋಯಿತು ಅಂತಲ್ಲ. ಫ್ರೇಮ್‌ವರ್ಕಿನಲ್ಲಿ ಇಷ್ಟು ಕೆಲಸ ಕೊಟ್ಟೇ ಕೊಡುತ್ತೇವೆ ಅನ್ನುವ ಭರವಸೆ ಇರುವುದಿಲ್ಲ. ಎರಡನೇ ವರ್ಷ ಬಜೆಟ್ ಕಡಿತವಾಗಿ ಎರಡು ಶಾಲೆಗಳು ಮುಂದಕ್ಕೆ ಹೋದವು. ಆಗ ಒಬ್ಬ ಗುತ್ತಿಗೆದಾರ ಮೀಟಿಂಗಿನಲ್ಲಿ ನಮ್ಮದೇ ಕಾಮಗಾರಿ ಪಟ್ಟಿ ಎತ್ತಿ ಹಿಡಿದು, ‘ಹುಡುಗರನ್ನು ಇಟ್ಟುಕೊಳ್ಳಿ ಅಂತೀರಿ, ಕೆಲಸ ಎಲ್ಲಿ ಸ್ವಾಮಿ?’ ಅನ್ನುವ ಧಾಟಿಯಲ್ಲಿ ಕೇಳಿದ. ಮೂವರು ಅಪ್ರೆಂಟಿಸ್‌ಗಳಲ್ಲಿ ಇಬ್ಬರನ್ನು ಇನ್ನೊಂದು ಕಂಪನಿಯ ಸೈಟಿಗೆ ದಾಟಿಸಿದೆವು. ಮೂರನೆಯವಳು ಬಿಟ್ಟು ಹೋದಳು.

2023ರ ಹೊಸ ಖರೀದಿ ಕಾಯ್ದೆ 2025ರ ಫೆಬ್ರವರಿ 24ರಿಂದ ಜಾರಿಗೆ ಬಂದಿದೆ. ಅದರಲ್ಲಿ ಎಂಟು ವರ್ಷದವರೆಗಿನ ತೆರೆದ ಫ್ರೇಮ್‌ವರ್ಕ್ ಮಾಡಬಹುದು, ಮೊದಲ ಮೂರು ವರ್ಷದೊಳಗೆ ಒಮ್ಮೆಯಾದರೂ ಬಾಗಿಲು ತೆಗೆದು ಹೊಸಬರಿಗೆ ಅವಕಾಶ ಕೊಡಲೇಬೇಕು. ನಮ್ಮ ಮುಂದಿನದ್ದು ಇದೇ ಥರ. ಗಾರೆ ಕೆಲಸದವರು ಈಗ ಹನ್ನೊಂದು ಜನರ ಕಂಪನಿ, ಅದರಲ್ಲಿ ಚಿಕ್ಕ ಕಾಮಗಾರಿಗಳಿಗೆ ಇಟ್ಟ ಭಾಗಕ್ಕೆ (ಲಾಟ್ ಅನ್ನುತ್ತೇವೆ) ತಾವೇ ನೇರವಾಗಿ ಅರ್ಜಿ ಹಾಕಬೇಕು ಅಂತಿದ್ದಾರೆ. ಕರಡು ನನ್ನ ಟೇಬಲ್ ಮೇಲಿದೆ. ಆ ಲಾಟ್ ಭಾಗದಿಂದ ಮೊದಲು ಹೊಡೆದುಹಾಕಿದ್ದು ಒಂದು ಕೋಟಿಯ ವಿಮೆಯ ಸಾಲು.