ಹೌಸ್‌ಬೋಟ್ ಬಿಟ್ಟೆ, ಸರ್ಕಾರಿ ದೋಣಿ ಹಿಡಿದೆ: ಕೇರಳ ಟೂರಿನ ನನ್ನ ಅನುಭವ

2025ರ ಸೆಪ್ಟೆಂಬರ್‌ನಲ್ಲಿ ಕೇರಳ ಮುಗಿಸಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದೆವು. ನರಗುಂದದ ಕಡೆಯ ಅಜ್ಜ ಒಬ್ಬರು ಪ್ಲಾಟ್‌ಫಾರ್ಮ್ ಮೇಲೇ ನಿಂತು ಅಂಗಿಯ ಒಳಜೇಬಿನಿಂದ ಎರಡು ಸಾವಿರ ರೂಪಾಯಿ ತೆಗೆದರು. "ಮುಂದಿನ ವರ್ಷದ ಅಡ್ವಾನ್ಸ್ ತಗೋ ತಮ್ಮಾ, ಆಗ ನಮ್ಮಾಕಿನ್ನೂ ಕರ್ಕೊಂಡು ಬರ್ತೀನಿ" ಅಂದರು. ಹದಿನಾಲ್ಕು ವರ್ಷದಿಂದ ಜನರನ್ನು ಟೂರಿಗೆ ಕರೆದೊಯ್ಯುತ್ತಿದ್ದೇನೆ. ಗಾಡಿ ಇಳಿದ ಜಾಗದಲ್ಲೇ ಅಡ್ವಾನ್ಸ್ ಸಿಕ್ಕಿದ್ದು ಅದೇ ಮೊದಲು.

ಇದನ್ನು ಬರೆಯಲು ಕಾರಣ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಇದೇ ಧಂದೆ ಮಾಡುವ ನಾಲ್ಕೈದು ಮಂದಿ ನನಗೆ ಮುಖದ ಮೇಲೇ ಹೇಳಿದ್ದರು, ಇದು ಆಗುವ ಮಾತಲ್ಲ ಅಂತ. ರೊಟ್ಟಿ ತಿನ್ನುವ ಹಿರಿಯರನ್ನು ಕೇರಳಕ್ಕೆ ಒಯ್ದರೆ ಮೂರನೇ ದಿನಕ್ಕೆ ಜಗಳ ಶುರುವಾಗುತ್ತದೆ. ಹೌಸ್‌ಬೋಟ್ ಇಲ್ಲದ ಕೇರಳ ಪ್ಯಾಕೇಜ್ ಯಾರು ತಗೋತಾರೆ? ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಮೂರು ಸಲ ನಾನೂ ಏಟು ತಿಂದಿದ್ದೆ.

ಮೊದಲ ಏಟು 2016ರ ಡಿಸೆಂಬರ್‌ನಲ್ಲಿ. ಹುಬ್ಬಳ್ಳಿಯಿಂದಲೇ ಬಸ್ಸು, ಮೂವತ್ತೆರಡು ಜನ, ಮೈಸೂರು-ವಯನಾಡು ದಾರಿ. ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಟೂರ್ ಮಾಡಿಸುವವರಿಗೆಲ್ಲ ಗೊತ್ತಿರುವುದೇ, ನನಗೂ ಗೊತ್ತಿತ್ತು. ಆದರೆ ಅವತ್ತು ಭಾನುವಾರ. ಅರಮನೆಯ ದೀಪ ನೋಡಿಯೇ ಹೊರಡೋಣ ಎಂದು ಜನ ಹಟ ಹಿಡಿದರು, ನಾನು ಒಪ್ಪಿಕೊಂಡೆ. ಗೇಟ್ ತಲುಪಿದಾಗ ಒಂಬತ್ತೂ ಇಪ್ಪತ್ತು. ಇಡೀ ರಾತ್ರಿ ಬಸ್ಸಿನಲ್ಲೇ ಕಳೆದೆವು. ಮರುದಿನ ತಾಮರಶ್ಶೇರಿ ಘಾಟಿನ ಒಂಬತ್ತು ತಿರುವು ಇಳಿಯಲು ಮೂರು ತಾಸು. ಅದರ ಮೇಲೆ ಶಬರಿಮಲೆ ಸೀಜನ್, ಎಲ್ಲಿ ನೋಡಿದರೂ ಗಾಡಿಗಳ ಸಾಲು. ಅಲೆಪ್ಪಿಯ ರೂಮಿನ ಅಡ್ವಾನ್ಸ್ ಹೋಯಿತು. ಬೇರೆ ರಾಜ್ಯದ ಬಸ್ಸಿಗೆ ಕಟ್ಟುವ ತೆರಿಗೆ ಬೇರೆ. ಕೈಯಿಂದ ಹೋಗಿದ್ದು ಸುಮಾರು 38 ಸಾವಿರ.

ಎರಡನೆಯದು 2019ರ ಜನವರಿ. ಈ ಸಲ ಎಲ್ಲರೂ ಕೇಳಿದ ಹಾಗೆ ಹೌಸ್‌ಬೋಟ್ ಹಿಡಿದೆ. ಹದಿನೆಂಟು ಜನಕ್ಕೆ ಎರಡು ಬೋಟು, 52 ಸಾವಿರ. ಅದರ ಲೆಕ್ಕ ಒಂದು ಸಲ ಕೂತು ಹಾಕಿ ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿಸುತ್ತಾರೆ. ಊಟಕ್ಕೆ ಒಂದು ತಾಸು ದಂಡೆಗೆ ನಿಲ್ಲಿಸುತ್ತಾರೆ. ಸಂಜೆ ಐದೂವರೆಗೆ ಕಟ್ಟಿಹಾಕುತ್ತಾರೆ, ಯಾಕಂದ್ರೆ ರಾತ್ರಿ ಅಲ್ಲಿ ಮೀನುಗಾರರು ಬಲೆ ಬಿಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಒಂಬತ್ತಕ್ಕೆ ಇಳಿಸುತ್ತಾರೆ. ಇಪ್ಪತ್ತೊಂದು ತಾಸಿಗೆ ದುಡ್ಡು ಕೊಟ್ಟರೆ ನೀರಿನ ಮೇಲೆ ಓಡುವುದು ಐದಾರು ತಾಸು. ಉಳಿದದ್ದೆಲ್ಲ ದಂಡೆಗೆ ಕಟ್ಟಿದ ರೂಮಿನ ಬಾಡಿಗೆ. ಎಸಿ ರಾತ್ರಿ ಮಾತ್ರ. ಪಕ್ಕದ ಬೋಟಿನಲ್ಲಿ ಮೀನು ಹುರಿಯುವ ವಾಸನೆಗೆ ನಮ್ಮ ಲಿಂಗಾಯತ ಅಜ್ಜಿಯರು ಮೂಗಿಗೆ ಸೆರಗು ಹಿಡಿದು ಕೂತರು. ಅವತ್ತು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಜೋಡಿ ಹುಡುಗ-ಹುಡುಗಿಯರಿಗೆ ಹೌಸ್‌ಬೋಟ್ ಚೆಂದ. ನಮ್ಮ ಜನಕ್ಕೆ ಅಲ್ಲ.

ಮೂರನೆಯದು 2023. ಬಸ್ಸು ಬೇಡ ಎಂದು ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಕೊಚ್ಚುವೇಲಿಗೆ ಹೋಗುವ ರೈಲು ಹಿಡಿದೆ. ದಾರಿ ಸರಿ ಇತ್ತು. ಇಳಿದ ಜಾಗ ತಪ್ಪು. ಎರ್ನಾಕುಲಂನಲ್ಲಿ ಅಪರಾತ್ರಿ ಇಳಿದೆವು. ಲಾಡ್ಜಿನವರು ಬೆಳಗಾಗುವ ತನಕ ರೂಮ್ ಕೊಡಲಿಲ್ಲ. ವಯಸ್ಸಾದವರು ಪ್ಲಾಟ್‌ಫಾರ್ಮ್ ಮೇಲೆ ಚಾದರ ಹಾಸಿಕೊಂಡು ಮಲಗಿದರು. ಒಬ್ಬ ಕಾಕಾರಿಗೆ ಶುಗರ್ ಇಳಿದು ಕೈ ನಡುಗಿದ್ದು ಈಗಲೂ ಕಣ್ಣ ಮುಂದಿದೆ.

2024ರಲ್ಲಿ ಎಲ್ಲ ಸರಿ ಮಾಡಿಕೊಂಡು ಹೊರಟಿದ್ದೆ. ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿಯಿತು. ಆ ಸುದ್ದಿ ನೋಡಿದ ಮೇಲೆ ಯಾರನ್ನೂ ಒತ್ತಾಯ ಮಾಡುವ ಮನಸ್ಸಾಗಲಿಲ್ಲ. ಎಲ್ಲರ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ. ಟಿಕೆಟ್ ರದ್ದು ಮಾಡಿದ ಆರೇಳು ಸಾವಿರ ನನ್ನ ತಲೆಗೆ ಬಂತು. ಆದರೆ ಹಾಗೆ ವಾಪಸ್ ಕೊಟ್ಟಿದ್ದಕ್ಕೇ ಅವರಲ್ಲಿ ಹದಿಮೂರು ಜನ 2025ಕ್ಕೆ ತಾವಾಗಿಯೇ ಫೋನ್ ಮಾಡಿದರು.

ಈಗ ಕೂಡಿ ಬಂದ ದಾರಿ ಹೇಳುತ್ತೇನೆ. ಬುಧವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಅದೇ ರೈಲು. ಹಾವೇರಿ ಕಡೆಯವರು ಹಾವೇರಿಯಲ್ಲೇ ಹತ್ತಿದರು. ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಅಲ್ವಾ, ಮಂಡಿನೋವಿನವರು ಇದ್ದರೆ ಬೋಗಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಡುವೆ ಎಲ್ಲೂ ಇಳಿಯಲಿಲ್ಲ. ಕೊನೆಯ ಸ್ಟೇಷನ್ ಕೊಚ್ಚುವೇಲಿಗೇ ಹೋದೆವು, ಈಗ ಅದಕ್ಕೆ ತಿರುವನಂತಪುರಂ ನಾರ್ತ್ ಅನ್ನುತ್ತಾರೆ. ಗುರುವಾರ ಬೆಳಿಗ್ಗೆ ನಿದ್ದೆ ಮುಗಿಸಿ ಇಳಿದೆವು. ಅಲ್ಲಿಂದ ಮೇಲಕ್ಕೆ ಬರುತ್ತ ಬರುತ್ತ ಮುಂದಿನ ಗುರುವಾರ ವಾಪಸ್ ಹೋಗುವ ಅದೇ ಗಾಡಿಯನ್ನು ಎರ್ನಾಕುಲಂನಲ್ಲಿ ಹತ್ತಿದೆವು. ಎಲ್ಲರೂ ಕೊಚ್ಚಿಯಿಂದ ಶುರು ಮಾಡಿ ಕೆಳಗೆ ಹೋಗುತ್ತಾರೆ. ನಾನು ತಿರುಗಿಸಿದೆ, ಅಷ್ಟೇ. ಓಡಾಡಲು ಅಲ್ಲಿಯದೇ ನೋಂದಣಿಯ ಮಿನಿ ಬಸ್ಸು. ತೆರಿಗೆ ತಲೆನೋವಿಲ್ಲ, ಡ್ರೈವರ್‌ಗೆ ಘಾಟಿ ಗೊತ್ತು.

ತಿಂಗಳೂ ಮುಖ್ಯ. ಓಣಂ ಮುಗಿದ ಮೇಲೆ, ಮಹಾನವಮಿಗೆ ಮುಂಚೆ. ರೂಮಿನ ರೇಟು ಇಳಿದಿರುತ್ತದೆ, ಹಸಿರು ಇನ್ನೂ ಇರುತ್ತದೆ. ನಮ್ಮ ಕಡೆ ಹೆಸರು ಕಿತ್ತು ಮುಗಿದಿರುತ್ತದೆ, ಗೋವಿನಜೋಳ ಇನ್ನೂ ಹೊಲದಲ್ಲಿರುತ್ತದೆ. ರೈತರು ಮನೆ ಬಿಡಬಹುದಾದ ಹತ್ತು ದಿನ ಅಂದ್ರೆ ಅದೇ.

ಅಲೆಪ್ಪಿಯಲ್ಲಿ ಎರಡು ರಾತ್ರಿ ದಂಡೆಯ ಮೇಲಿನ ಹೋಂಸ್ಟೇಯಲ್ಲಿ ಉಳಿದೆವು. ನೀರು ನೋಡಲು ಹಿಡಿದದ್ದು ಕೇರಳದ ಜಲಸಾರಿಗೆ ಇಲಾಖೆಯ ದೋಣಿ. ನಮ್ಮ ಕೆಂಪು ಬಸ್ಸು ಇದ್ದ ಹಾಗೆ ಅದು, ಅಲ್ಲಿಯ ಜನ ದಿನಾ ಓಡಾಡುವ ಗಾಡಿ. ಅಲೆಪ್ಪಿಯಿಂದ ಕೊಟ್ಟಾಯಂಗೆ ಹೆಚ್ಚುಕಡಿಮೆ ಎರಡೂವರೆ ತಾಸು. ತಲೆಗೆ ಮೂವತ್ತು ರೂಪಾಯಿಯ ಆಸುಪಾಸು. ನಾನು, ಅಡುಗೆಯವರು ಸೇರಿ ಇಪ್ಪತ್ನಾಲ್ಕು ಜನಕ್ಕೆ ಏಳುನೂರರ ಸುತ್ತಮುತ್ತ ಬಿತ್ತು. ಎಲ್ಲಿಯ 52 ಸಾವಿರ, ಎಲ್ಲಿಯ ಏಳುನೂರು! ಅಷ್ಟರೊಳಗೆ ಬಸ್ಸು ಖಾಲಿ ಸುತ್ತಿಕೊಂಡು ಕೊಟ್ಟಾಯಂ ಜೆಟ್ಟಿಗೆ ಬಂದು ನಿಂತಿತ್ತು.

ಆ ಎರಡೂವರೆ ತಾಸಿನ ಬಗ್ಗೆ ಎಷ್ಟು ಹೇಳಿದರೂ ಸಾಲದು. ಮುಂದೆ ಚಕ್ರ ಹಿಡಿದವನು ಹಗ್ಗ ಜಗ್ಗಿ ಗಂಟೆ ಹೊಡೆಯುತ್ತಾನೆ. ಎಂಜಿನ್ ಹತ್ತಿರ ಕೂತವನು ಅದನ್ನು ಕೇಳಿ ವೇಗ ಏರಿಸುತ್ತಾನೆ, ಇಳಿಸುತ್ತಾನೆ. ಕಾಲುವೆಯ ದಂಡೆಗೆ ಮನೆ, ಮನೆಯ ಮುಂದೆ ಮೆಟ್ಟಿಲು, ಮೆಟ್ಟಿಲ ಮೇಲೆ ಪಾತ್ರೆ ತಿಕ್ಕುವ ಹೆಂಗಸರು. ಸ್ಟಾಪ್ ಬಂದರೆ ಸ್ಕೂಲ್ ಬ್ಯಾಗಿನ ಹುಡುಗರು ಜಿಗಿದು ಇಳಿಯುತ್ತಾರೆ. ಆಮೇಲೆ ಕಾಲುವೆ ಮುಗಿದು ವೆಂಬನಾಡ್ ಸರೋವರ ತೆರೆದುಕೊಳ್ಳುತ್ತದೆ. ಬ್ಯಾಡಗಿ ಕಡೆಯ ಅಕ್ಕ ಒಬ್ಬರು ಕಿಟಕಿಯ ಕಂಬಿ ಹಿಡಿದುಕೊಂಡವರು ಕೊಟ್ಟಾಯಂ ಬರುವ ತನಕ ಬಿಡಲಿಲ್ಲ.

ಕುಟ್ಟನಾಡಿನ ಗದ್ದೆಗಳು ಬಂದಾಗ ಗಂಡಸರೆಲ್ಲ ಎದ್ದು ನಿಂತರು. ಅಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಕಟ್ಟೆಯ ಈಚೆ ನಮ್ಮ ದೋಣಿ ತೇಲುತ್ತಿದೆ, ಆಚೆ ಗದ್ದೆ ನಮಗಿಂತ ಆಳದಲ್ಲಿದೆ. "ತಮ್ಮಾ, ನೀರು ಮ್ಯಾಲದ, ಹೊಲ ಕೆಳಗದಲ್ಲೋ!" ಎಂದು ನರಗುಂದದ ಅಜ್ಜ ನನ್ನ ಭುಜ ಅಲ್ಲಾಡಿಸಿದರು. ಬಿತ್ತುವ ಮುಂಚೆ ಪಂಪಿಟ್ಟು ಗದ್ದೆಯ ನೀರು ಹೊರಗೆ ಹಾಕುತ್ತಾರೆ ಎಂದು ಹೇಳಿದೆ. ಅಜ್ಜನ ಹೊಲದಲ್ಲಿ ಮೂರು ಬೋರು ಹೊಡೆಸಿದರೂ ನೀರು ಬಿದ್ದಿಲ್ಲ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ಆಮೇಲೆ ಕಟ್ಟೆಗೆ ಯಾವ ಮಣ್ಣು, ಪಂಪು ಎಷ್ಟು ಎಚ್‌ಪಿ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದು ಒಂದೇ ಸಮನೆ ಕೇಳಿದರು. ಪಕ್ಕದಲ್ಲಿದ್ದ ಅಲ್ಲಿಯ ರೈತನಿಗೆ ಕನ್ನಡ ಬರಲ್ಲ, ಇವರಿಗೆ ಮಲಯಾಳಂ ಬರಲ್ಲ. ಆದರೂ ಇಬ್ಬರೂ ಕೈಸನ್ನೆಯಲ್ಲೇ ಅರ್ಧ ತಾಸು ಮಾತಾಡಿದರು. ಬಾಡಿಗೆ ಹೌಸ್‌ಬೋಟಿನಲ್ಲಿ ಇದು ಸಿಗುತ್ತಾ?

ಅಲೆಪ್ಪಿಯ ಎರಡನೇ ದಿನ ವೈಕಂ ಮಹಾದೇವನ ಗುಡಿಗೂ ಹೋಗಿದ್ದೆವು. ಅಲ್ಲಿಂದ ಎದುರು ದಂಡೆಯ ತವಣಕ್ಕಡವಿಗೆ ದಾಟಿದ್ದು 2017ರಲ್ಲಿ ಶುರುವಾದ ಸೋಲಾರ್ ದೋಣಿ 'ಆದಿತ್ಯ'ದಲ್ಲಿ. ಎಂಜಿನ್ ಸದ್ದೇ ಇಲ್ಲ, ನೀರು ಸೀಳುವ ಸದ್ದು ಮಾತ್ರ. ಹೋಗಲೇಬೇಕಾದ ಜಾಗ.

ಇನ್ನು ರೊಟ್ಟಿ. 2019ರಲ್ಲಿ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದಿದ್ದೆ. ಆ ಹವೆಗೆ ಎರಡನೇ ದಿನವೇ ಮೆತ್ತಗಾಯಿತು. ನಾಲ್ಕನೇ ದಿನ ಬೂಸು. ಇನ್ನೂರು ರೊಟ್ಟಿ ಎಸೆದೆ. ಬಡಿದ ಕೈಗಳು ನೆನಪಾಗಿ ಬಹಳ ಸಂಕಟ ಆಯಿತು. ಊರಿಗೆ ಬಂದ ಮೇಲೆ ನಮ್ಮ ಬಚ್ಚಲುಮನೆಯನ್ನೇ ಕೇರಳ ಮಾಡಿದೆ. ಒದ್ದೆ ಬಟ್ಟೆ ನೇತುಹಾಕಿ, ದಿನಾ ಎರಡು ಹೊತ್ತು ಬಿಸಿನೀರು ಇಟ್ಟು ಬಾಗಿಲು ಹಾಕಿದೆ. ಮೂರು ಥರ ಕಟ್ಟಿದ ರೊಟ್ಟಿ ಒಳಗಿಟ್ಟೆ. ಬಟ್ಟೆಯಲ್ಲಿದ್ದದ್ದು ಒಂದೇ ದಿನ. ಸ್ಟೀಲ್ ಡಬ್ಬಿಯಲ್ಲಿದ್ದದ್ದು ತೆಗೆದು ಹಾಕಿ ಮಾಡುವುದರಿಂದ ಮೂರು ದಿನ. ಹನ್ನೆರಡು ಹನ್ನೆರಡು ರೊಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಬಾಯಿಯನ್ನು ಮೇಣಬತ್ತಿಗೆ ಹಿಡಿದು ಅಂಟಿಸಿ, ಆಮೇಲೆ ಡಬ್ಬಿಗೆ ಇಳಿಸಿದ್ದು ಎಂಟನೇ ದಿನವೂ ಕಟಕಟ ಮುರಿಯಿತು. ರೊಟ್ಟಿ ಬಡಿದ ಮೇಲೆ ಪೂರ್ತಿ ಎರಡು ದಿನ ಒಣಗಿಸಬೇಕು. ಮಾಲದಂಡಿ ಜೋಳವೇ ಆಗಬೇಕು. ಡಬ್ಬಿಯ ತಳಕ್ಕೆ ನಾನು ಒಂದು ವಸ್ತು ಹಾಕುತ್ತೇನೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಎರಡು ಮಳೆಗಾಲ ಕಳೆದಿದ್ದೇನೆ.

ಈ ಸಲ ಆರುನೂರು ರೊಟ್ಟಿ ಒಯ್ದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ ಬೇರೆ. ರೈಲಿನಲ್ಲಿ ಸಿಲಿಂಡರ್ ಒಯ್ಯುವ ಹಾಗಿಲ್ಲ. ಅದಕ್ಕೆ ಅಡುಗೆಮನೆ ಬಿಟ್ಟುಕೊಡುವ ಹೋಂಸ್ಟೇಗಳನ್ನೇ ಹುಡುಕಿದೆ. ಹತ್ತರಲ್ಲಿ ಒಂಬತ್ತು ಕಡೆ ಆಗಲ್ಲ ಅಂದರು. ಒಪ್ಪಿದವರ ನಂಬರ್ ನನ್ನ ಹತ್ತಿರವೇ ಇರಲಿ. ಜೊತೆಗೆ ಬಂದ ಖಾನಾವಳಿಯ ಅಕ್ಕ ಬೆಳಿಗ್ಗೆ ಐದಕ್ಕೆ ಬಿಸಿನೀರು ಕಾಯಿಸಲು ಏಳುತ್ತಿದ್ದರು, ಲಿಂಗಪೂಜೆ ಮಾಡುವವರ ಸ್ನಾನಕ್ಕೆ. ಆ ಪೂಜೆ ಮುಗಿಯದೆ ಬಸ್ಸು ಹೊರಡಲ್ಲ ಎಂದು ಡ್ರೈವರ್‌ಗೆ ಮೊದಲ ದಿನವೇ ಹೇಳಿಟ್ಟಿದ್ದೆ.

ಅಲ್ಲಿಯ ದಪ್ಪ ಕೆಂಪಕ್ಕಿ ಅನ್ನ ಯಾರಿಗೂ ಒಗ್ಗಲಿಲ್ಲ. ಅಪ್ಪಂ ಮತ್ತು ಕಡಲೆ ಪಲ್ಯ ಬಹಳ ಜನಕ್ಕೆ ಸೇರಿತು. ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ಕೊಡುತ್ತಾರೆ, ಪದಿಮುಗಂ ಎನ್ನುವ ಮರದ ಚಕ್ಕೆ ಹಾಕಿ ಕುದಿಸಿದ್ದು. ಮೊದಲೇ ಹೇಳಿಡಿ. ಇಲ್ಲಾಂದ್ರೆ ನೀರು ಹೊಲಸು ಎಂದು ಬಾಯಿಗೇ ಹಾಕಲ್ಲ.

ಬೆಟ್ಟದ ಕಡೆ ಕುಮಳಿಗೆ ಎರಡು ರಾತ್ರಿ, ಮುನ್ನಾರ್‌ಗೆ ಒಂದೇ ರಾತ್ರಿ ಕೊಟ್ಟೆ. ಬೇರೆಯವರು ತಿರುಗಾಮುರುಗಾ ಮಾಡುತ್ತಾರೆ. ಮುನ್ನಾರ್‌ನಲ್ಲಿ ಚಹಾ ತೋಟ ನೋಡಿದ ಮೇಲೆ ಮಂಡಿನೋವಿನವರಿಗೆ ಚಳಿ ಬಿಟ್ಟರೆ ಜಾಸ್ತಿ ಏನೂ ಉಳಿಯಲ್ಲ. ಕುಮಳಿಯಲ್ಲಿ ಹಾಗಲ್ಲ. ಪಕ್ಕದಲ್ಲೇ ತೇಕ್ಕಡಿಯ ಕೆರೆ ಇದೆ, 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದಾಗ ಆದದ್ದು. ಆಗ ಮುಳುಗಿದ ಮರಗಳ ಕರಿ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಮುನ್ನಾರ್ ದಾರಿಯಲ್ಲಿ ಒಬ್ಬ ಅಜ್ಜಿ ನೀಲಕುರಿಂಜಿ ಹೂವು ಎಲ್ಲಿ ಎಂದು ಕೇಳಿದರು. ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ, 2018ರಲ್ಲಿ ಆಗಿದೆ, ಇನ್ನು 2030ಕ್ಕೆ ಅಂದೆ. "ಹಂಗಾರ ನನ್ನ ಹೆಸರು ಈಗಲೇ ಬರಕೋ" ಅಂದರು. ಬರೆದುಕೊಂಡೆ.

ಕುಮಳಿಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಯಾಲಕ್ಕಿ ಕಿಲೋಗೆ 2,800ರ ಹಾಗೆ ಆರು ಕಿಲೋ ಕೊಂಡೆ. ಹಾವೇರಿಯಲ್ಲಿ ಯಾಲಕ್ಕಿ ಮಾಲೆ ಮಾಡುವವರಿಗೆ ಕೊಟ್ಟರೆ ನಾಲ್ಕು ಕಾಸು ಸಿಗಬಹುದು ಎಂಬ ಲೆಕ್ಕ. ಮಾಲೆ ಮಾಡುವ ಕಾಕಾ ಒಂದು ಕಾಯಿ ಹಿಡಿದು ನೋಡಿ ವಾಪಸ್ ಇಟ್ಟರು. ಅವರಿಗೆ ಬೇಕಾದದ್ದು ಬಣ್ಣ ತೆಗೆದ ಬಿಳಿ ಯಾಲಕ್ಕಿ. ಹಸಿರುಕಾಯಿ ಮಾಲೆಗೆ ನಡೆಯಲ್ಲ. ಕೊನೆಗೆ ಬೀಗರಿಗೆ, ಪರಿಚಯದವರಿಗೆ ಮಾರಿದೆ. ಸಾವಿರದ ನೂರು ಹೋಯಿತು. ಮುಂದಿನ ಸಲ ಕಾಳುಮೆಣಸು ನೋಡಬೇಕು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ, ನೂರಿನ್ನೂರು ಹೆಚ್ಚುಕಡಿಮೆ ಇರಬಹುದು. ಇಪ್ಪತ್ತೊಂದು ಜನ, ತಲೆಗೆ 13,500. ಬಂದದ್ದು ಎರಡು ಲಕ್ಷ ಎಂಬತ್ಮೂರು ಸಾವಿರದ ಚಿಲ್ಲರೆ. ರೈಲಿಗೆ 31, ಬಸ್ಸು ಮತ್ತು ಡ್ರೈವರ್ ಬಾಟಾ 66, ಏಳು ರಾತ್ರಿಯ ರೂಮು 73, ದಿನಸಿ ಮತ್ತು ಹೊರಗಿನ ಊಟ 28, ಅಕ್ಕ ಮತ್ತು ಒಬ್ಬ ಹುಡುಗನಿಗೆ 16, ಬೋಟು-ಟಿಕೆಟ್ 14, ಮೇಲುಖರ್ಚು 9 ಸಾವಿರ. ಕೈಯಲ್ಲಿ ಉಳಿದದ್ದು 46 ಸಾವಿರ. ಇದೇ ಟೂರನ್ನು ಹೌಸ್‌ಬೋಟ್ ಸೇರಿಸಿ 19 ಸಾವಿರಕ್ಕೆ ಮಾರುವವರು ನಮ್ಮೂರಲ್ಲೇ ಇದ್ದಾರೆ. ಅವರಲ್ಲಿ ಇಬ್ಬರು ಈಗ ನನಗೆ ಫೋನ್ ಮಾಡಿ ಹೋಂಸ್ಟೇ ನಂಬರ್ ಕೇಳುತ್ತಿದ್ದಾರೆ.

ಈ ವರ್ಷಕ್ಕೆ ಈಗಾಗಲೇ ಮೂವತ್ತಾರು ಹೆಸರು ಬಂದಿವೆ. ಎರಡು ತಂಡ ಮಾಡುತ್ತೇನೆ, ಒಂದರ ಹಿಂದೆ ಒಂದು ವಾರ. ಒಂದು ತಂಡದಲ್ಲಿ ಇಪ್ಪತ್ತೊಂದಕ್ಕಿಂತ ಜಾಸ್ತಿ ಜನ ಬೇಡ. ಎರಡು ಒಲೆಯ ಅಡುಗೆಮನೆಯಲ್ಲಿ ಅಷ್ಟು ಜನಕ್ಕಾದರೆ ಬಿಸಿಬಿಸಿ ಬಡಿಸಬಹುದು, ಅದಕ್ಕಿಂತ ಹೆಚ್ಚಾದರೆ ಕೊನೆಯ ಪಂಕ್ತಿಯವರಿಗೆ ಪಲ್ಯ ಆರಿರುತ್ತದೆ ಎಂದು ಅಕ್ಕ ಖಡಾಖಂಡಿತ ಹೇಳಿದ್ದಾರೆ.